‘ಬರ್ತೀನಿ ಅಂದಿದ್ದ’ಗೆ ಇಂಗ್ಲಿಷಲ್ಲಿ ಯಾವುದು? ವುಡ್, ವಾಸ್ ಗೋಯಿಂಗ್ ಟು, ವಾಸ್ ಅಬೌಟ್ ಟು, ವಾಸ್ ಟು: ಆರಿಸೋದು ಹೇಗೆ

ತುಮಕೂರಿನಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಬರುವವರಲ್ಲಿ ಒಬ್ಬ ಹುಡುಗ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಒಂದು ಸೋಮವಾರ ಮುಖ ಸಣ್ಣ ಮಾಡಿಕೊಂಡು ಬಂದ. ಹಿಂದಿನ ವಾರ ಪ್ಯಾಕಿಂಗ್ ಡಬ್ಬಗಳು ಕಡಿಮೆ ಬಿದ್ದಿದ್ದವಂತೆ. ಶನಿವಾರವೇ ಹೇಳಬೇಕು ಅಂತಿದ್ದ, ಮರೆತ. ಸೋಮವಾರ ಬೆಳಗ್ಗೆ ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿದ: ‘ಸರ್, ಐ ವುಡ್ ಇನ್‌ಫಾರ್ಮ್ ಯು ಆನ್ ಸ್ಯಾಟರ್ಡೇ.’

ಅವರ ಉತ್ತರ ಬಂತು: ‘ಶನಿವಾರದ ತನಕ ಯಾಕೆ ಕಾಯ್ತೀಯ? ಅದೇನು ಅಂತ ಈಗಲೇ ಹೇಳು.’

ಇವನು ಹೇಳೋಕೆ ಹೊರಟಿದ್ದು ಕಳೆದ ಶನಿವಾರದ ಮಾತು. ಅವರಿಗೆ ಕೇಳಿಸಿದ್ದು ಬರುವ ಶನಿವಾರ. ‘ಐ ವಾಸ್ ಗೋಯಿಂಗ್ ಟು ಇನ್‌ಫಾರ್ಮ್ ಯು ಆನ್ ಸ್ಯಾಟರ್ಡೇ’ ಅಂತ ಬರೆದಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಹುಡುಗ ಮಾತ್ರ ಸೋಲಲಿಲ್ಲ. ‘ಮಿಸ್, ವಿಲ್‌ಗೆ ಪಾಸ್ಟ್ ವುಡ್ ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?’ ಅಂದ.

ನಾನೇ ಹೇಳಿಕೊಟ್ಟಿದ್ದು, ನಿಜ. ಆದರೆ ಅದು ಅರ್ಧ ಪಾಠ. ಉಳಿದರ್ಧ ಇಲ್ಲಿದೆ.

ಮೊದಲು, ಇದು ಏನು ಅಂತ

ನಿನ್ನೆಯಲ್ಲಿ ನಿಂತುಕೊಂಡು ಮುಂದಕ್ಕೆ ನೋಡಿ ಆಡುವ ಮಾತು. ಇಂಗ್ಲಿಷ್ ವ್ಯಾಕರಣದವರು ಇದಕ್ಕೆ ‘ಫ್ಯೂಚರ್ ಇನ್ ದ ಪಾಸ್ಟ್’ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ನಾವು ಬೆಳಗಿನಿಂದ ಸಂಜೆ ತನಕ ಇದನ್ನೇ ಆಡುತ್ತಿರುತ್ತೇವೆ. ‘ಬರ್ತೀನಿ ಅಂದಿದ್ದ.’ ‘ನಿಮಗೆ ಫೋನ್ ಮಾಡ್ಬೇಕು ಅಂತಿದ್ದೆ.’ ‘ಇನ್ನೇನು ಹೊರಡೋದರಲ್ಲಿದ್ದೆ, ಅಷ್ಟರಲ್ಲಿ ಮಳೆ ಬಂತು.’ ‘ಮಂತ್ರಿಗಳು ಸೋಮವಾರ ಉದ್ಘಾಟನೆ ಮಾಡಲಿದ್ದರು.’ ನಾಲ್ಕೂ ಕಡೆ ಕೆಲಸ ಆಗ ಇನ್ನೂ ಮುಂದಿತ್ತು, ಆದರೆ ಆ ಹೊತ್ತು ಈಗ ಹಿಂದೆ ಹೋಗಿದೆ.

ಬಾಲ ನೋಡಿದಿರಾ? ಅಂದಿದ್ದ, ಅಂತಿದ್ದೆ, ಅಷ್ಟರಲ್ಲಿ, ಲಿದ್ದರು. ನಾಲ್ಕೂ ಬೇರೆ ಬೇರೆ. ಇಂಗ್ಲಿಷಿನಲ್ಲೂ ನಾಲ್ಕಕ್ಕೆ ನಾಲ್ಕು ದಾರಿ ಇವೆ. ನಮ್ಮ ಪುಸ್ತಕಗಳು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿ, ‘ಇವೆಲ್ಲ ಹೆಚ್ಚು ಕಡಿಮೆ ಒಂದೇ’ ಅನ್ನುವಂತೆ ಮಾಡಿಬಿಡುತ್ತವೆ. ಒಂದೇ ಅಲ್ಲ. ಕನ್ನಡದಲ್ಲಿ ನಿಮ್ಮ ಬಾಯಿಗೆ ಯಾವ ಬಾಲ ಬರುತ್ತೆ ಅಂತ ಮೊದಲು ಕೇಳಿಕೊಳ್ಳಿ. ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿಯುತ್ತದೆ.

ಕಟ್ಟೋದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ವುಡ್ ಆದ ಮೇಲೆ ಬರೀ ಮೂಲ ಕ್ರಿಯಾಪದ: ವುಡ್ ಕಮ್, ವುಡ್ ಗೋ. ವುಡ್ ಕೇಮ್ ಇಲ್ಲ, ವುಡ್ ಗೋಯಿಂಗ್ ಇಲ್ಲ. ಐ, ಹಿ, ದೇ ಯಾರೇ ಬಂದರೂ ವುಡ್ ಬದಲಾಗಲ್ಲ. ಉಳಿದ ಮೂರಕ್ಕೂ ಮುಂದೆ ವಾಸ್ ಅಥವಾ ವರ್ ಬೇಕು. ಐ, ಹಿ, ಶಿ, ಇಟ್‌ಗೆ ವಾಸ್; ಯು, ವಿ, ದೇಗೆ ವರ್. ಆಮೇಲೆ ಗೋಯಿಂಗ್ ಟು, ಅಬೌಟ್ ಟು ಅಥವಾ ಬರೀ ಟು, ಕೊನೆಗೆ ಮತ್ತೆ ಮೂಲ ಕ್ರಿಯಾಪದ. ‘ಯು ವಾಸ್ ಗೋಯಿಂಗ್ ಟು’ ಅನ್ನುವವರು ನನ್ನ ಕ್ಲಾಸಿನಲ್ಲಿ ಇನ್ನೂ ಇಬ್ಬರಿದ್ದಾರೆ. ಅವರಿಗೆ ಇದು ಮತ್ತೊಮ್ಮೆ.

‘ಅಂದ’ ಇದ್ದರೆ ವುಡ್

ಇನ್ನೊಬ್ಬರು ಆಡಿದ ಮಾತನ್ನೋ, ನೀವೇ ಆಗ ಅಂದುಕೊಂಡಿದ್ದನ್ನೋ ಈಗ ಹೇಳುವಾಗ ವುಡ್. ‘ಬರ್ತೀನಿ ಅಂದ’ ಅನ್ನೋಕೆ ‘ಹಿ ಸೆಡ್ ಹಿ ವುಡ್ ಕಮ್.’ ‘ಪಾಸಾಗ್ತೀನಿ ಅಂದ್ಕೊಂಡಿದ್ದೆ’ ಅನ್ನೋಕೆ ‘ಐ ಥಾಟ್ ಐ ವುಡ್ ಪಾಸ್.’

ಜಾಸ್ತಿ ಜನ ಎಡವೋದು ಇಲ್ಲೇ. ಕಾರಣ ದಡ್ಡತನ ಅಲ್ಲ, ಕನ್ನಡದ ‘ಅಂತ’. ನಮ್ಮ ‘ಅಂತ’ ಒಂದು ಡಬ್ಬಿ ಇದ್ದ ಹಾಗೆ. ಅವನು ಏನು ಹೇಳಿದನೋ ಅದನ್ನು ಹಾಗೇ ಒಳಗಿಟ್ಟು ಮುಚ್ಚಳ ಹಾಕುತ್ತೇವೆ. ‘ನಾನು ಬರ್ತೀನಿ ಅಂತ ಹೇಳಿದ.’ ಒಳಗಿನ ‘ನಾನು’ ಅವನೇ, ‘ಬರ್ತೀನಿ’ ಅವನದೇ ಮಾತು. ಯಾವುದನ್ನೂ ಮುಟ್ಟಲ್ಲ. ಇಂಗ್ಲಿಷ್ ಆ ಡಬ್ಬಿ ಬಿಚ್ಚುತ್ತದೆ. ಐ ಹೋಗಿ ಹಿ ಆಗಬೇಕು, ವಿಲ್ ಹೋಗಿ ವುಡ್ ಆಗಬೇಕು, ಟುಮಾರೋ ಹೋಗಿ ದ ನೆಕ್ಸ್ಟ್ ಡೇ ಆಗಬೇಕು. ಬಿಚ್ಚದೆ ಹಾಗೇ ಇಟ್ಟರೆ ‘ರಮೇಶ್ ಸೆಡ್ ದಟ್ ಐ ವಿಲ್ ಕಮ್’ ಆಗುತ್ತದೆ. ಕೇಳಿಸಿಕೊಂಡವರಿಗೆ ಅನ್ನಿಸೋದು ಏನು ಗೊತ್ತಾ? ಬರೋದು ರಮೇಶ ಅಲ್ಲ, ನೀವು.

ಮೊದಲು ನಾನು ಕೋಲಾರದ ಕಡೆ ಪಾಠ ಮಾಡುತ್ತಿದ್ದೆ. ಅಲ್ಲಿ ಸುಮಾರು ಮಕ್ಕಳ ಮನೆಮಾತು ತೆಲುಗು. ಅಲ್ಲೂ ಇದೇ ಕತೆ. ‘ವಸ್ತಾನು ಅನ್ನಾಡು’ (ಬರ್ತೀನಿ ಅಂದ) ಅಂದರೂ ಅವನ ಮಾತು ಮುರಿಯದೆ ಹಾಗೇ ಉಳಿಯುತ್ತದೆ. ಕನ್ನಡದ ಮನೆಯ ಮಗು, ತೆಲುಗಿನ ಮನೆಯ ಮಗು, ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದರು. ಆಗಲೇ ನನಗೆ ಹೊಳೆದಿದ್ದು: ಇದು ಮಕ್ಕಳ ತಪ್ಪಲ್ಲ, ಎರಡು ಭಾಷೆ ಕೂಡುವ ಜಾಗದಲ್ಲಿ ಇರುವ ಕಲ್ಲು.

ಒಂದು ಕಡೆ ಮಾತ್ರ ಕನ್ನಡ ನಮ್ಮ ಕೈ ಹಿಡಿಯುತ್ತದೆ. ‘ಕ್ಯಾತ್ಸಂದ್ರ ದಾಟಿದ ಮೇಲೆ ಫೋನ್ ಮಾಡ್ತೀನಿ ಅಂದ.’ ದಾಟೋದು ಆಗ ಇನ್ನೂ ಮುಂದಿತ್ತು, ಆದರೂ ನಾವು ‘ದಾಟಿದ’ ಅಂತೀವಿ. ಇಂಗ್ಲಿಷೂ ಹಾಗೇ: ‘ಹಿ ಸೆಡ್ ಹಿ ವುಡ್ ಕಾಲ್ ಆಫ್ಟರ್ ಹಿ ಕ್ರಾಸ್ಡ್ ಕ್ಯಾತ್ಸಂದ್ರ.’ ಆಫ್ಟರ್, ವೆನ್, ಬಿಫೋರ್, ಅಂಟಿಲ್ ಇವುಗಳ ಪಕ್ಕದ ವಾಕ್ಯದಲ್ಲಿ ವುಡ್ ಬೇಡ. ಎರಡೂ ಕಡೆ ವುಡ್ ತುರುಕಿ ‘ವೆನ್ ಹಿ ವುಡ್ ರೀಚ್’ ಅನ್ನುವವರು ಕನ್ನಡವನ್ನೂ ಮರೆತು ಬರೆಯುತ್ತಿದ್ದಾರೆ ಅಂತ ಲೆಕ್ಕ.

ಆ ದಿನ ಇನ್ನೂ ಬಂದಿಲ್ಲ ಅಂದರೆ? ಅವನು ಇವತ್ತು ಬೆಳಗ್ಗೆ ಹೇಳಿದ, ಬರೋದು ನಾಳೆ. ಆಗ ‘ಹಿ ಸೆಡ್ ಹಿ ವಿಲ್ ಕಮ್ ಟುಮಾರೋ’ ಅಂದರೂ ನಡೆಯುತ್ತದೆ, ತಪ್ಪಲ್ಲ. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯಲ್ಲಿ ರಿಪೋರ್ಟೆಡ್ ಸ್ಪೀಚ್ ಕೇಳಿದರೆ ಸುಮ್ನೆ ವುಡ್ ಬರೆದುಬಿಡಿ. ಅಂಕ ಕೊಡುವವರ ಹತ್ತಿರ ವಾದ ಮಾಡೋಕೆ ಆಗಲ್ಲ.

ವುಡ್ ಒಂದು ಕಡೆ, ಗೋಯಿಂಗ್ ಟು ಇನ್ನೊಂದು ಕಡೆ

ನಿಜವಾದ ಪೈಪೋಟಿ ಇವೆರಡರ ನಡುವೆ. ನಮ್ಮ ಸ್ಟೋರ್ಸ್ ಹುಡುಗ ಬಿದ್ದಿದ್ದೂ ಇಲ್ಲೇ.

‘ಮಾಡ್ಬೇಕು ಅಂತಿದ್ದೆ’ ಅನ್ನುವಾಗ ಹಿಂದೆಯೇ ಒಂದು ‘ಆದರೆ’ ಬರುತ್ತೆ, ಅಲ್ವಾ? ‘ಫೋನ್ ಮಾಡ್ಬೇಕು ಅಂತಿದ್ದೆ, ಆದ್ರೆ ಚಾರ್ಜ್ ಇರಲಿಲ್ಲ.’ ಇದಕ್ಕೆ ವಾಸ್ ಗೋಯಿಂಗ್ ಟು. ‘ಐ ವಾಸ್ ಗೋಯಿಂಗ್ ಟು ಕಾಲ್ ಯು, ಬಟ್ ಮೈ ಫೋನ್ ವಾಸ್ ಡೆಡ್.’ ಮನಸ್ಸು ಇತ್ತು, ಕೆಲಸ ಆಗಲಿಲ್ಲ. ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ವಾಕ್ಯದ ಕೊನೆಗೆ ಒಂದು ‘ಆದರೆ’ ಸೇರಿಸಿ ನೋಡೋದು. ಸರಾಗವಾಗಿ ಕೂತರೆ ಗೋಯಿಂಗ್ ಟು.

ಇಲ್ಲಿ ಬರೀ ವುಡ್ ಹಾಕಿದರೆ ಕೆಡುತ್ತದೆ. ‘ಐ ವುಡ್ ಕಾಲ್ ಯು, ಬಟ್…’ ಅಂದರೆ ‘ಕಾಲ್ ಮಾಡ್ತಿದ್ದೆ, ಆದರೆ ಈಗ ಆಗಲ್ಲ’ ಅನ್ನುವ ಅರ್ಥ ಬರುತ್ತದೆ, ನಿನ್ನೆಯ ಮಾತಾಗಲ್ಲ. ವುಡ್ ತಾನಾಗಿ ನಿಂತು ನಿನ್ನೆಯನ್ನು ತೋರಿಸೋದಿಲ್ಲ. ಅದಕ್ಕೆ ಹಿಂದೆ ಒಂದು ಗೂಟ ಬೇಕು: ಸೆಡ್, ಥಾಟ್, ನ್ಯೂ, ಹೋಪ್ಡ್, ಇಲ್ಲವೇ ಹಳೆಯದೊಂದು ಇಸವಿ. ಗೋಯಿಂಗ್ ಟುಗೆ ಗೂಟ ಬೇಡ. ಅದರ ವಾಸ್‌ನಲ್ಲೇ ನಿನ್ನೆ ಕಟ್ಟಿಹಾಕಿದೆ. ಹುಡುಗನ ಮೆಸೇಜಿನಲ್ಲಿ ಗೂಟವೇ ಇರಲಿಲ್ಲ, ವಾಕ್ಯ ಹಗ್ಗ ಬಿಚ್ಚಿಕೊಂಡು ಮುಂದಿನ ಶನಿವಾರಕ್ಕೆ ಓಡಿತು.

ಇನ್ನೊಂದು ವ್ಯತ್ಯಾಸ ಇದೆ, ನನಗೆ ಬಹಳ ಇಷ್ಟವಾದದ್ದು. ಹಳೆಯ ಕತೆ ಹೇಳುವಾಗ ವುಡ್‌ಗೆ ಬೇರೆಯೇ ತೂಕ ಬರುತ್ತದೆ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂದಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ, ‘ಪವರ್ ರೀಚ್ಡ್ ದ ಮೈನ್ಸ್ ಇನ್ 1902. ಬ್ಯಾಂಗಲೋರ್ ವುಡ್ ಗೆಟ್ ಇಟ್ ಓನ್ಲಿ ಇನ್ 1905’ ಅಂದರೆ ಸರಿ. ಹೇಳುವವರಿಗೆ ಮುಂದೇನಾಯಿತು ಅಂತ ಗೊತ್ತು. ಆಗಿಹೋದ ವಿಷಯ, ಅನುಮಾನವಿಲ್ಲ. ಈಗ ಅಲ್ಲೇ ಗೋಯಿಂಗ್ ಟು ಹಾಕಿ: ‘ಬ್ಯಾಂಗಲೋರ್ ವಾಸ್ ಗೋಯಿಂಗ್ ಟು ಗೆಟ್ ಇಟ್ ಇನ್ 1905.’ ಓದುವವರು ತಕ್ಷಣ ‘ಆದರೆ?’ ಅಂತ ಕಾಯುತ್ತಾರೆ. ದುಡ್ಡು ಸಾಲಲಿಲ್ಲವೋ, ತಂತಿ ಹರಿದುಹೋಯಿತೋ ಅಂತ. ವುಡ್ ‘ಆಯಿತು’ ಕಡೆಗೆ ವಾಲುತ್ತದೆ, ಗೋಯಿಂಗ್ ಟು ‘ಆಗಲಿಲ್ಲ’ ಕಡೆಗೆ. ಒಂದೇ ಇಸವಿ, ಒಂದೇ ಊರು, ಎರಡು ಕತೆ.

ಗೋಯಿಂಗ್ ಟುಗೆ ಇನ್ನೊಂದು ಕೆಲಸವೂ ಇದೆ. ಕಣ್ಣೆದುರು ಲಕ್ಷಣ ಕಂಡು ‘ಹಿಂಗಾಗುತ್ತೆ’ ಅನ್ನಿಸೋದು. ದೇವರಾಯನದುರ್ಗದ ಮೇಲೆ ಮೋಡ ಕಟ್ಟಿತ್ತು, ಮಳೆ ಬರೋ ಹಾಗಿತ್ತು: ‘ಇಟ್ ವಾಸ್ ಗೋಯಿಂಗ್ ಟು ರೇನ್.’ ಪಾವಗಡದಿಂದ ಬರುವ ಹುಡುಗಿಯೊಬ್ಬಳು ಇದಕ್ಕೆ ನಕ್ಕಳು. ‘ನಮ್ಮೂರಲ್ಲಿ ಮೋಡ ಬರುತ್ತೆ ಮಿಸ್, ಮಳೆ ಬರಲ್ಲ’ ಅಂದಳು. ಅದಕ್ಕೇ ಗೋಯಿಂಗ್ ಟು ಸರಿ ನೋಡು ಅಂದೆ. ಮಳೆ ಬಂತಾ ಇಲ್ಲವಾ ಅಂತ ಅದು ಮಾತು ಕೊಡೋದಿಲ್ಲ.

‘ಇನ್ನೇನು… ಅಷ್ಟರಲ್ಲಿ’ ಇದ್ದರೆ ಅಬೌಟ್ ಟು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತಿದ್ದೀರಿ ಅಂದುಕೊಳ್ಳಿ. ಮುಂದೆ ನಾಲ್ಕು ಜನ ಇದ್ದವರು ಮೂರಾದರು, ಎರಡಾದರು, ಈಗ ನಿಮ್ಮ ಸರದಿ. ಅವರು ಮುಚ್ಚಳ ಎತ್ತಿದರು, ಹಬೆ ಮುಖಕ್ಕೆ ಹೊಡೆಯಿತು. ಕೈ ತಟ್ಟೆಯ ಕಡೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, ‘ಹತ್ತು ಪಾರ್ಸಲ್ ಹೇಳಿದ್ದೆ, ಅದು ಮೊದಲು ಕೊಡಿ’ ಅಂದರು. ತಟ್ಟೆ ಆ ಕಡೆ ಹೋಯಿತು.

‘ಐ ವಾಸ್ ಅಬೌಟ್ ಟು ಗೆಟ್ ಮೈ ಇಡ್ಲಿ ವೆನ್ ಸಮ್‌ಒನ್ ಆಸ್ಕ್ಡ್ ಫಾರ್ ಹಿಸ್ ಪಾರ್ಸಲ್.’ ಅಬೌಟ್ ಟು ಅಂದರೆ ಕೈ ಅಳತೆಯ ದೂರ. ನಮ್ಮ ‘ಇನ್ನೇನು’ ಅಲ್ಲಿ ಅಬೌಟ್ ಟು, ನಮ್ಮ ‘ಅಷ್ಟರಲ್ಲಿ’ ಅಲ್ಲಿ ವೆನ್. ಜೋಡಿ ಇಷ್ಟು ಚೆನ್ನಾಗಿ ಕೂಡೋದು ಬೇರೆಲ್ಲೂ ಇಲ್ಲ. ಕಲಿಸೋಕೆ ಎರಡೇ ನಿಮಿಷ ಸಾಕು.

ಗೋಯಿಂಗ್ ಟು ಜೊತೆ ಹೋಲಿಸಿ. ಬೆಳಗ್ಗೆ ಮನೆಯಲ್ಲೇ ‘ಇವತ್ತು ಕ್ಯಾತ್ಸಂದ್ರದಲ್ಲಿ ಇಡ್ಲಿ ತಿನ್ನಬೇಕು’ ಅಂದುಕೊಂಡಿದ್ದರೆ ಅದು ಗೋಯಿಂಗ್ ಟು. ಗೋಯಿಂಗ್ ಟು ಜೊತೆ ದಿನ, ವಾರ, ತಿಂಗಳು ಯಾವುದಾದರೂ ಬರಬಹುದು. ಅಬೌಟ್ ಟು ಜೊತೆ ಬರಲ್ಲ. ‘ಐ ವಾಸ್ ಅಬೌಟ್ ಟು ಗೋ ಟು ಮೈಸೂರು ದ ನೆಕ್ಸ್ಟ್ ವೀಕ್’ ಅನ್ನೋದು ‘ಇನ್ನೇನು ಮುಂದಿನ ವಾರ ಹೊರಡ್ತಿದ್ದೆ’ ಅಂದ ಹಾಗೆ, ಕೇಳಿದರೇ ನಗು ಬರುತ್ತೆ.

ಪೇಪರ್ ಭಾಷೆಗೆ ವಾಸ್ ಟು

‘ಮಾಡಲಿದ್ದರು’ ಅನ್ನೋದು ನಮ್ಮ ಮನೆಯಲ್ಲಿ ಯಾರೂ ಆಡಲ್ಲ. ಪೇಪರಿನಲ್ಲಿ ಬರುತ್ತದೆ, ಆಮಂತ್ರಣ ಪತ್ರಿಕೆಯಲ್ಲಿ ಬರುತ್ತದೆ. ವಾಸ್ ಟು ಕೂಡ ಹಾಗೇ. ‘ದ ಮಿನಿಸ್ಟರ್ ವಾಸ್ ಟು ಓಪನ್ ದ ಬ್ರಿಡ್ಜ್ ಆನ್ ಮಂಡೇ.’ ಮೇಲಿನವರು ಗೊತ್ತುಮಾಡಿದ ಕಾರ್ಯಕ್ರಮ. ನಡೆಯಿತಾ, ಇಲ್ಲವಾ? ಈ ವಾಕ್ಯ ಹೇಳಲ್ಲ. ನಡೆಯಲಿಲ್ಲ ಅಂತ ಖಚಿತವಾಗಿ ಹೇಳಬೇಕಾದರೆ ‘ವಾಸ್ ಟು ಹ್ಯಾವ್ ಓಪನ್ಡ್’ ಅನ್ನಬೇಕು. ಉದ್ಘಾಟಿಸಬೇಕಿತ್ತು, ಆಗಲಿಲ್ಲ. ಎಷ್ಟು ಉಪಯೋಗದ ಮಾತು ನೋಡಿ, ನಮ್ಮ ಕಡೆಯ ಸೇತುವೆಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ವಾಸ್ ಟುಗೆ ವಿಧಿಯ ಧ್ವನಿಯೂ ಇದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದ ಶಾಲೆಗೆ ಹೋದ ಹುಡುಗ ಮುಂದೆ ಮೈಸೂರಿನ ದಿವಾನ ಆಗುವವನಿದ್ದ. ‘ದಿಸ್ ಬಾಯ್ ವಾಸ್ ಟು ಬಿಕಮ್ ದ ದಿವಾನ್ ಆಫ್ ಮೈಸೂರ್ ಇನ್ 1912.’ ವಿಶ್ವೇಶ್ವರಯ್ಯನವರ ಬಗ್ಗೆ ಸೆಪ್ಟೆಂಬರ್ 15ರಂದು ಭಾಷಣ ಬರೆಯುವ ಮಕ್ಕಳಿಗೆ ಈ ವಾಕ್ಯ ಕೊಟ್ಟರೆ ಕುಣಿದಾಡುತ್ತಾರೆ. ಇಲ್ಲಿ ವುಡ್ ಬಿಕಮ್ ಅಂದರೂ ಅಷ್ಟೇ ಸರಿ. ನನ್ನನ್ನು ಕೇಳಿದರೆ ಭಾಷಣಕ್ಕೆ ವಾಸ್ ಟು, ಪ್ರಬಂಧಕ್ಕೆ ವುಡ್. ವಾಸ್ ಟುವನ್ನು ಮೂರು ಸಲ ಬಳಸಿದರೆ ಪುರಾಣ ಓದಿದ ಹಾಗೆ ಆಗುತ್ತದೆ. ಆದರೆ ಇಲ್ಲಿ ಗೋಯಿಂಗ್ ಟು ಹಾಕಿದರೆ, ಪಾಪ, ದಿವಾನಗಿರಿ ಕೊನೇ ಗಳಿಗೆಯಲ್ಲಿ ತಪ್ಪಿಹೋಯಿತೇನೋ ಅನ್ನಿಸುತ್ತದೆ.

ಮಾತಿನಲ್ಲಿ ಮಾತ್ರ ವಾಸ್ ಟು ಬೇಡ. ಗೆಳೆಯನ ಹತ್ತಿರ ‘ಐ ವಾಸ್ ಟು ಬೈ ಟೊಮ್ಯಾಟೊ’ ಅಂದರೆ ಜಿಲ್ಲಾಧಿಕಾರಿಗಳು ನಿಮಗೆ ಆದೇಶ ಕೊಟ್ಟಿದ್ದ ಹಾಗೆ ಕೇಳಿಸುತ್ತದೆ. ‘ಟೊಮ್ಯಾಟೊ ತರಬೇಕಿತ್ತು, ತರಲಿಲ್ಲ’ ಅನ್ನೋಕೆ ‘ಐ ವಾಸ್ ಸಪೋಸ್ಡ್ ಟು ಬೈ ಟೊಮ್ಯಾಟೊ.’ ಹೊಣೆ ಇತ್ತು, ತಪ್ಪಿದೆ ಅನ್ನುವ ಸಣ್ಣ ಅಳುಕು ಅದರಲ್ಲಿದೆ. ಅಮ್ಮನ ಮುಂದೆ ಗೋಯಿಂಗ್ ಟುಗಿಂತ ಇದೇ ಪ್ರಾಮಾಣಿಕ.

ಇನ್ನೊಂದು ದಾರಿ ವಾಸ್ ಜೊತೆ ಐಎನ್‌ಜಿ. ಟಿಕೆಟ್ ಬುಕ್ಕಾಗಿತ್ತು, ಬ್ಯಾಗ್ ಕಟ್ಟಿಯಾಗಿತ್ತು: ‘ವಿ ವರ್ ಲೀವಿಂಗ್ ಫಾರ್ ತಿರುಪತಿ ದ ನೆಕ್ಸ್ಟ್ ಮಾರ್ನಿಂಗ್.’ ಬರೀ ಮನಸ್ಸಲ್ಲ, ಏರ್ಪಾಡೇ ಆಗಿದೆ. ‘ನೆಕ್ಸ್ಟ್ ಮಾರ್ನಿಂಗ್’ನಂಥ ಕಾಲ ಸೂಚಿಸುವ ಮಾತು ಜೊತೆಗಿರಲಿ. ಇಲ್ಲದಿದ್ದರೆ ‘ಆಗ ಹೊರಡ್ತಾ ಇದ್ವಿ’ ಅಂತ ಬೇರೆ ಅರ್ಥ ಆಗುತ್ತದೆ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗೊತ್ತಾಗದಿದ್ದರೆ ಗೋಯಿಂಗ್ ಟು ಹಾಕಿ, ಯಾರೂ ಬೈಯಲ್ಲ.

ವೇಷ ಹಾಕಿ ಬರುವ ವುಡ್‌ಗಳು

ಎಲ್ಲ ವುಡ್ಡೂ ನಮ್ಮ ವುಡ್ ಅಲ್ಲ. ‘ಎವರಿ ಸಂಡೇ ತಾತ ವುಡ್ ಟೇಕ್ ಅಸ್ ಟು ಸಿದ್ಧಗಂಗಾ’ ಅಂದರೆ ಪ್ರತಿ ಭಾನುವಾರ ಕರೆದುಕೊಂಡು ಹೋಗುತ್ತಿದ್ದರು. ಅದು ಹಳೆಯ ರೂಢಿ, ಮುಂದಿನ ಮಾತಲ್ಲ. ಎವರಿ, ಆಫನ್ ಅಂಥ ಪದ ಕಂಡರೆ ಇದು ಅಂತ ತಿಳಿಯಿರಿ.

‘ದ ಸ್ಕೂಟರ್ ವುಡಂಟ್ ಸ್ಟಾರ್ಟ್’ ಅನ್ನೋದು ‘ಏನು ಮಾಡಿದ್ರೂ ಸ್ಟಾರ್ಟ್ ಆಗ್ಲೇ ಇಲ್ಲ.’ ಇಲ್ಲಿ ಸ್ಕೂಟರಿಗೆ ಹಟ ಇದೆ. ವಿಲ್ ಅನ್ನುವ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಬೇಕು, ಬಯಸು’ ಅನ್ನುವ ಅರ್ಥ ಇತ್ತು. ಆ ಬೇಕು-ಬೇಡಗಳ ವಾಸನೆ ವುಡಂಟ್‌ನಲ್ಲಿ ಇನ್ನೂ ಉಳಿದಿದೆ.

ಮಾತಿನಲ್ಲಿ ವುಡ್ ಕರಗಿ ಬರೀ ‘ಡ್’ ಆಗುತ್ತದೆ. ಹೀಡ್, ಐಡ್, ದೇಡ್. ತೊಂದರೆ ಏನಂದರೆ ಹ್ಯಾಡ್ ಕೂಡ ಕರಗಿ ಅದೇ ‘ಡ್’ ಆಗುತ್ತದೆ. ಮುಂದಿನ ಪದಕ್ಕೆ ಕಿವಿ ಕೊಡಿ. ‘ಹೀಡ್ ಗೋ’ ಅಂದರೆ ವುಡ್, ‘ಹೀಡ್ ಗಾನ್’ ಅಂದರೆ ಹ್ಯಾಡ್. ಕಮ್ ಮಾತ್ರ ಎರಡಕ್ಕೂ ಕಮ್ಮೇ, ಆಗ ಸುತ್ತಲಿನ ಮಾತು ನೋಡದೆ ಬೇರೆ ದಾರಿ ಇಲ್ಲ.

ನಮ್ಮ ಕಡೆಯ ನೋಟಿಸುಗಳ ಮೇಲೂ ನನಗೊಂದು ಸಿಟ್ಟಿದೆ. ‘ವಾಟರ್ ಸಪ್ಲೈ ವುಡ್ ಬಿ ಸ್ಟಾಪ್ಡ್ ಟುಮಾರೋ’ ಅಂತ ಅಂಟಿಸಿರುತ್ತಾರೆ. ವುಡ್ ಅಂದರೆ ವಿಲ್‌ಗಿಂತ ಮರ್ಯಾದೆ ಜಾಸ್ತಿ ಅಂತ ಯಾರೋ ಯಾವಾಗಲೋ ತಲೆಗೆ ತುಂಬಿಬಿಟ್ಟಿದ್ದಾರೆ. ನಾಳೆ ನೀರು ನಿಲ್ಲೋದು ನಿಜವಾದರೆ ವಿಲ್ ಸಾಕು. ‘ವುಡ್ ಯು ಪ್ಲೀಸ್’ ಅಂತ ಕೇಳುವಾಗಿನ ಮರ್ಯಾದೆ ಬೇರೆ, ಅದನ್ನು ನೀರಿನ ನೋಟಿಸಿಗೆ ಸುರಿಯಬಾರದು.

ವುಡ್ ಹ್ಯಾವ್ ಬಗ್ಗೆ ಒಂದೇ ಮಾತು. ‘ಹಿ ಸೆಡ್ ಹಿ ವುಡ್ ಹ್ಯಾವ್ ಫಿನಿಶ್ಡ್ ಬೈ ಸಿಕ್ಸ್’ ಅಂದರೆ ‘ಆರು ಗಂಟೆ ಹೊತ್ತಿಗೆ ಮುಗಿಸಿರ್ತೀನಿ ಅಂದ.’ ನಮ್ಮ ‘ಮುಗಿಸಿರ್ತೀನಿ’ಯ ‘ಇರ್ತೀನಿ’ ಅಲ್ಲಿ ಹ್ಯಾವ್ ಆಗಿದೆ. ಆದರೆ ಇಫ್ ಜೊತೆ ಬಂದರೆ ಅದೇ ವುಡ್ ಹ್ಯಾವ್ ‘ಮುಗಿಸಿರ್ತಿದ್ದೆ, ಮುಗಿಸಲಿಲ್ಲ’ ಆಗುತ್ತದೆ. ಅದು ಬೇರೆ ಪಾಠ, ಅದಕ್ಕೆ ಬೇರೆ ಸಂಜೆ ಬೇಕು.

ಹೋದ ವಾರ ಸ್ಟೋರ್ಸ್ ಹುಡುಗ ಬಾಗಿಲಲ್ಲೇ ನಿಂತು, ಬಹಳ ಧೈರ್ಯದಿಂದ ಹೇಳಿದ: ‘ಮಿಸ್, ಐ ವಾಸ್ ಅಬೌಟ್ ಟು ಪೇ ದ ಫೀಸ್ ಲಾಸ್ಟ್ ಮಂತ್.’ ಅಬೌಟ್ ಟು ಅಲ್ಲಪ್ಪ, ಗೋಯಿಂಗ್ ಟು ಅಂದೆ. ತಿದ್ದಿಕೊಂಡು ಇನ್ನೊಂದು ಸಲ ಸರಿಯಾಗಿ ಹೇಳಿದ. ಫೀಸ್ ಇನ್ನೂ ಬಂದಿಲ್ಲ.